ಮುಚ್ಚದೆ ಉಳಿದ ಹ್ಯಾಂಡಲ್: ಶಿರಸಿಯ ಸರ್ವರ್ ಒಂದರಲ್ಲಿ ಮೆಮೊರಿ ಬರಿದಾದ ಪ್ರಕರಣ

ಶಿರಸಿಯ ಒಂದು ಸಹಕಾರಿ ಮಾರಾಟ ಸಂಸ್ಥೆಯಲ್ಲಿ, ಜುಲೈ ಎರಡನೇ ವಾರದ ಒಂದು ಬೆಳಿಗ್ಗೆ, ಕೌಂಟರ್ ತೆರೆದು ಅರ್ಧ ತಾಸು ಕಳೆಯುವುದರೊಳಗೆ ಬಿಲ್ಲಿಂಗ್ ನಿಂತುಹೋಯಿತು. ಮಳೆಗಾಲದಲ್ಲಿ ಅಡಿಕೆಯ ಆವಕ ಕಡಿಮೆಯಾದ್ದರಿಂದ ಗದ್ದಲವೇನೂ ಆಗಲಿಲ್ಲ. ಬಿಲ್ಲಿಂಗ್ ನಡೆಯುತ್ತಿದ್ದ ವರ್ಚುವಲ್ ಮಷಿನ್ ಅನ್ನು, ಅಂದರೆ ಸರ್ವರ್‌ನೊಳಗೆ ಸಾಫ್ಟ್‌ವೇರ್‌ನಿಂದಲೇ ರೂಪಿಸಿದ ಕಂಪ್ಯೂಟರನ್ನು, ಸಿಬ್ಬಂದಿಯೇ ಮತ್ತೆ ಚಾಲೂ ಮಾಡಿಕೊಂಡು ಕೆಲಸ ಮುಂದುವರಿಸಿದರು. ಮೂರನೇ ದಿನ ಅದು ಮತ್ತೆ ನಿಂತಿತು, ಅದರ ಮರುದಿನ ಇನ್ನೊಮ್ಮೆ. ಆಗ ಹಿರಿಯ ಲೆಕ್ಕಿಗರು ನನಗೆ ಫೋನ್ ಮಾಡಿ, "ತಮಾ, ಇವತ್ತೂ ಬಿಲ್ ಬತ್ತಾ ಇಲ್ಲೆ" ಎಂದಷ್ಟೇ ಹೇಳಿದರು. ಆ ಸರ್ವರ್ ನೋಡಿಕೊಳ್ಳುವ ಗುತ್ತಿಗೆ ನನ್ನದು. ಮುಂದೆ ಗೊತ್ತಾದಂತೆ, ತಪ್ಪೂ ನನ್ನದೇ.

ಆ ವಾರ ಶಿರಸಿಯಲ್ಲಿ ಕರೆಂಟು ದಿನಕ್ಕೆ ಹಲವು ಬಾರಿ ಹೋಗಿ ಬರುತ್ತಿದ್ದುದರಿಂದ ಎಲ್ಲರ ಅನುಮಾನವೂ ಯುಪಿಎಸ್ ಮೇಲೆಯೇ ಹೋಯಿತು. ನನ್ನದೂ ಹೋಯಿತು. ಆದರೆ ಸರ್ವರ್ ಒಮ್ಮೆಯೂ ಆಫ್ ಆಗಿರಲಿಲ್ಲ. ಕರ್ನೆಲ್‌ನ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನ, ಸಂದೇಶಗಳನ್ನು ತೆಗೆದು ನೋಡಿದಾಗ ಮೂರೂ ಸಲ ಒಂದೇ ಬಗೆಯ ಸಾಲು ಕಂಡಿತು: ಮೆಮೊರಿ ಮುಗಿದದ್ದರಿಂದ ಇಂಥ ಕ್ಯೂಎಮು ಪ್ರೋಸೆಸ್ ಅನ್ನು ಕೊಲ್ಲಲಾಗಿದೆ. ಪ್ರೋಸೆಸ್ ಎಂದರೆ ಓಡುತ್ತಿರುವ ಪ್ರೋಗ್ರಾಂ, ಕ್ಯೂಎಮು ಎಂದರೆ ವರ್ಚುವಲ್ ಮಷಿನ್ ಓಡಿಸುವ ಪ್ರೋಗ್ರಾಂ. ಲಿನಕ್ಸ್‌ನಲ್ಲಿ ಕೆವಿಎಂ (ಕರ್ನೆಲ್‌ನ ವರ್ಚುವಲ್ ಮಷಿನ್ ಸೌಲಭ್ಯ) ಆಧಾರದ ಪ್ರತಿಯೊಂದು ವರ್ಚುವಲ್ ಮಷಿನ್ ಹೋಸ್ಟ್‌ನ, ಅಂದರೆ ಅದನ್ನು ಹೊತ್ತ ಮೂಲ ಯಂತ್ರದ, ಕಣ್ಣಿಗೆ ಒಂದು ಸಾಮಾನ್ಯ ಕ್ಯೂಎಮು ಪ್ರೋಸೆಸ್ ಆಗಿರುತ್ತದೆ, ಹೀಗಾಗಿ ಮೆಮೊರಿ ಸಾಲದೆ ಬಂದಾಗ ಕರ್ನೆಲ್ ಅದನ್ನು ಉಳಿದ ಪ್ರೋಸೆಸ್‌ಗಳಂತೆಯೇ ಕೊಲ್ಲಬಲ್ಲದು. ಯಾರನ್ನು ಕೊಲ್ಲಬೇಕೆಂಬ ಆಯ್ಕೆ ಮುಖ್ಯವಾಗಿ ಯಾರು ಹೆಚ್ಚು ಮೆಮೊರಿ ಹಿಡಿದಿದ್ದಾರೆ ಎಂಬುದರ ಮೇಲೆ ನಡೆಯುತ್ತದೆಯೇ ಹೊರತು ಕೊರತೆಗೆ ಯಾರು ಕಾರಣ ಎಂಬುದರ ಮೇಲಲ್ಲ. 32 ಗಿಗಾಬೈಟಿನ ಆ ಸರ್ವರ್‌ನಲ್ಲಿ ಎಲ್ಲಕ್ಕಿಂತ ದೊಡ್ಡದು 12 ಗಿಗಾಬೈಟಿನ ಬಿಲ್ಲಿಂಗ್ ಮಷಿನ್. ಕೌಂಟರ್ ತೆರೆದಾಗ ಅದು ಮೆಮೊರಿಯ ಹೊಸ ಹೊಸ ಪುಟಗಳನ್ನು (ಮೆಮೊರಿ ಹಂಚುವ ಸಣ್ಣ ತುಂಡುಗಳನ್ನು) ಮುಟ್ಟಲು ತೊಡಗುತ್ತಿತ್ತು, ಆ ಹೊತ್ತಿಗೆ ಸರಿಯಾಗಿ ಕೊರತೆ ಬಯಲಾಗಿ ಅದೇ ಬಲಿಯಾಗುತ್ತಿತ್ತು.

ಸರ್ವರ್‌ನ ಕಾಯಂ ಮಷಿನ್‌ಗಳಿಗೆಲ್ಲ ಸೇರಿ 24 ಗಿಗಾಬೈಟ್ ಕೊಡಲಾಗಿತ್ತು. ಹೋಸ್ಟ್‌ಗೆ ಎರಡು ಬಿಟ್ಟರೂ ಆರು ಗಿಗಾಬೈಟ್ ಬಿಡುವಾಗಿ ಇರಬೇಕಿತ್ತು. ಆ ಆರು ಎಲ್ಲಿ ಹೋಯಿತು ಎಂಬುದೇ ಈ ಪ್ರಕರಣದ ಪ್ರಶ್ನೆ.

ಅಲ್ಲಿ ರಾತ್ರಿ ಹೊತ್ತು ನಡೆಯುವ ಒಂದು ಕೆಲಸವನ್ನು ಇಲ್ಲಿ ವಿವರಿಸಬೇಕು. ಬನವಾಸಿ, ಹುಲೇಕಲ್, ಸಿದ್ದಾಪುರದ ಕಡೆಯ ಶಾಖೆಗಳಿಂದ ಪ್ರತಿ ರಾತ್ರಿ ಅಲ್ಲಿನ ಪುಟ್ಟ ಮಷಿನ್‌ಗಳ ಡಿಸ್ಕ್ ಇಮೇಜ್‌ಗಳು, ಅಂದರೆ ಇಡೀ ಡಿಸ್ಕನ್ನು ಒಂದೇ ಫೈಲ್ ಆಗಿಸಿದ ಪ್ರತಿಗಳು, ಫೈಬರ್ ಸಂಪರ್ಕದ ಮೂಲಕ ಶಿರಸಿಗೆ ಬರುತ್ತವೆ. ಬಂದ ಇಮೇಜಿನೊಳಗೆ ಆ ದಿನದ ಡೇಟಾಬೇಸ್ ಪ್ರತಿ ನಿಜವಾಗಿ ಇದೆಯೇ, ಅದರ ಚೆಕ್‌ಸಮ್ (ಫೈಲ್ ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಖ್ಯೆ) ಹೊಂದುತ್ತದೆಯೇ ಎಂದು ನೋಡಲು ನಾನು ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದಿದ್ದೆ. ಅದು ಹಗಲೂ ರಾತ್ರಿ ಓಡುತ್ತಲೇ ಇರುವ ಡೀಮನ್. ಇಮೇಜ್ ಬಂದಂತೆಲ್ಲ ತೆರೆದು ಪರೀಕ್ಷಿಸಿ, ಬೆಳಗಿನ ವರದಿಗೆ ಒಂದು ಸಾಲು ಬರೆಯುತ್ತದೆ. ಇಮೇಜ್ ತೆರೆಯಲು ಅದು ಬಳಸುತ್ತಿದ್ದುದು ಲಿಬ್‌ಗೆಸ್ಟ್‌ಎಫ್‌ಎಸ್ ಎಂಬ ಸಿ ಲೈಬ್ರರಿಯನ್ನು.

ರೆಡ್ ಹ್ಯಾಟ್‌ನ ರಿಚರ್ಡ್ ಜೋನ್ಸ್ 2009ರಲ್ಲಿ ಆರಂಭಿಸಿದ ಈ ಲೈಬ್ರರಿ, ಇಮೇಜನ್ನು ಹೋಸ್ಟ್‌ನ ಕರ್ನೆಲ್‌ಗೆ ನೇರವಾಗಿ ಮೌಂಟ್ ಮಾಡುವುದಿಲ್ಲ, ಅಂದರೆ ಜೋಡಿಸಿ ತೆರೆಯುವುದಿಲ್ಲ. ಎಲ್ಲಿಂದಲೋ ಬಂದ, ಕೆಟ್ಟಿರಬಹುದಾದ ಫೈಲ್‌ಸಿಸ್ಟಂ ಅನ್ನು ಹೋಸ್ಟ್ ಕರ್ನೆಲ್‌ನ ಕೈಗೆ ಕೊಡುವುದು ಅಪಾಯವೆಂದು, ಅದು ತನ್ನದೇ ಕರ್ನೆಲ್ ಇರುವ ಒಂದು ಸಣ್ಣ ವರ್ಚುವಲ್ ಮಷಿನ್ ಅನ್ನು ಕ್ಯೂಎಮು ಮೂಲಕ ಎಬ್ಬಿಸಿ, ಇಮೇಜನ್ನು ಅದಕ್ಕೆ ಜೋಡಿಸಿ, ಒಳಗಿನ ಒಂದು ಡೀಮನ್ ಜೊತೆ ಮಾತನಾಡುತ್ತದೆ. ಬಳಸುವವನಿಗೆ ಕಾಣುವುದು ಒಂದು ಹ್ಯಾಂಡಲ್, ಅಂದರೆ ಒಂದು ಪಾಯಿಂಟರ್ (ಮೆಮೊರಿ ವಿಳಾಸ), ಮಾತ್ರ. ಕ್ರಿಯೇಟ್ ಎಂದರೆ ಹ್ಯಾಂಡಲ್ ಸಿಗುತ್ತದೆ, ಲಾಂಚ್ ಎಂದರೆ ಹಿಂದೆ ಒಂದು ಮಷಿನ್ ಏಳುತ್ತದೆ, ಕ್ಲೋಸ್ ಎಂದರೆ ಎರಡೂ ಹೋಗುತ್ತವೆ. ನಾವು ಬಳಸುತ್ತಿದ್ದುದು ಅದರ ಡೈರೆಕ್ಟ್ ಬ್ಯಾಕೆಂಡ್ (ಮಷಿನ್ ಎಬ್ಬಿಸುವ ಒಂದು ವಿಧಾನ). ಅದರಲ್ಲಿ ಕ್ಯೂಎಮು ನಮ್ಮ ಪ್ರೋಗ್ರಾಂನದೇ ಚೈಲ್ಡ್ ಪ್ರೋಸೆಸ್ ಆಗಿ ಹುಟ್ಟುತ್ತದೆ. ಲಿಬ್‌ವರ್ಟ್ ಎಂಬ ಬೇರೆ ವ್ಯವಸ್ಥೆಯ ಮೂಲಕ ಎಬ್ಬಿಸುವ ಬ್ಯಾಕೆಂಡ್ ಆಗಿದ್ದರೆ ಮಷಿನ್ ನಮ್ಮ ಮಕ್ಕಳ ಪಟ್ಟಿಯಲ್ಲಿ ಕಾಣುತ್ತಿರಲಿಲ್ಲ, ಹುಡುಕುವ ದಾರಿಯೂ ಬೇರೆಯಾಗುತ್ತಿತ್ತು.

ಮೆಮೊರಿ ಸೋರುತ್ತಿದೆ ಎಂದರೆ ಸಿ ಬರೆಯುವವನ ಕೈ ಮೊದಲು ಹೋಗುವುದು, ಪ್ರೋಗ್ರಾಂ ಬಿಡುಗಡೆ ಮಾಡದೆ ಬಿಟ್ಟ ಮೆಮೊರಿಯನ್ನು ಪತ್ತೆ ಹಚ್ಚುವ ವಾಲ್‌ಗ್ರೈಂಡ್‌ಗೆ. ನಾನೂ ಪ್ರೋಗ್ರಾಂ ಅನ್ನು ಒಂದು ಸುತ್ತು ಅದರಡಿ ಓಡಿಸಿದೆ. ಎಚ್ಚರಿಕೆಯಿಂದ, ಅರ್ಧಕ್ಕೆ ತುಂಡಾದ ಒಂದು ಇಮೇಜನ್ನೂ ಪರೀಕ್ಷೆಗೆ ಸೇರಿಸಿದೆ. ಸಿಕ್ಕ ದೋಷಗಳು ನಿಜವಾದವೇ ಆಗಿದ್ದವು. ಡೈರೆಕ್ಟರಿಯ ಹೆಸರುಗಳನ್ನು ಕೊಡುವ ಫಂಕ್ಷನ್ ಕೊನೆಯಲ್ಲಿ ನಲ್ (ಏನೂ ಇಲ್ಲವೆಂಬ ಗುರುತು) ಇರುವ ಸ್ಟ್ರಿಂಗ್‌ಗಳ (ಅಕ್ಷರಸಾಲುಗಳ) ಪಟ್ಟಿಯನ್ನು ಹಿಂದಿರುಗಿಸುತ್ತದೆ. ಆ ಪಟ್ಟಿಯನ್ನೂ ಅದರೊಳಗಿನ ಒಂದೊಂದು ಸ್ಟ್ರಿಂಗ್ ಅನ್ನೂ ಬಿಡುಗಡೆ ಮಾಡುವುದು ಕರೆದವನ ಹೊಣೆ. ನಾನು ಪಟ್ಟಿಯನ್ನಷ್ಟೇ ಬಿಡುಗಡೆ ಮಾಡಿ ಒಳಗಿನವನ್ನು ಮರೆತಿದ್ದೆ. ಅದನ್ನು ಸರಿಪಡಿಸುವ ಭರದಲ್ಲಿ ಇನ್ನೊಂದು ಅತಿರೇಕವನ್ನೂ ಮಾಡಿದೆ: ಕೊನೆಯ ದೋಷದ ಸಂದೇಶವನ್ನು ಕೊಡುವ ಫಂಕ್ಷನ್‌ನ ಸ್ಟ್ರಿಂಗ್ ಅನ್ನೂ ಬಿಡುಗಡೆ ಮಾಡಿದೆ. ಆ ಸ್ಟ್ರಿಂಗ್ ಹ್ಯಾಂಡಲ್‌ನ ಸ್ವತ್ತು. ಅದೇ ಹ್ಯಾಂಡಲ್ ಮೇಲೆ ಮುಂದಿನ ದೋಷ ಬರುವವರೆಗೆ ಅಥವಾ ಹ್ಯಾಂಡಲ್ ಮುಚ್ಚುವವರೆಗೆ ಮಾತ್ರ ಅದರ ಆಯುಷ್ಯ, ಅದನ್ನು ನಾವು ಮುಟ್ಟಕೂಡದು. ಎರಡನೇ ದೋಷ ಬಂದ ಕೂಡಲೇ ಪ್ರೋಗ್ರಾಂ ಕುಸಿದು ನನ್ನ ಅವಸರವನ್ನು ತೋರಿಸಿಕೊಟ್ಟಿತು. ಯಾವುದನ್ನು ಬಿಡುಗಡೆ ಮಾಡಬೇಕು, ಯಾವುದನ್ನು ಮಾಡಬಾರದು ಎಂಬುದು ಕೈಪಿಡಿಯಲ್ಲಿ ಪ್ರತಿ ಫಂಕ್ಷನ್‌ನ ವಿವರಣೆಯ ಜೊತೆ ಒಂದೇ ವಾಕ್ಯದಲ್ಲಿ ಬರೆದಿರುತ್ತದೆ, ಮತ್ತು ನಾವು ಓದದೆ ದಾಟುವುದು ಆ ವಾಕ್ಯವನ್ನೇ.

ಇಷ್ಟೆಲ್ಲ ಆದ ಮೇಲೆ ವಾಲ್‌ಗ್ರೈಂಡ್ ವರದಿ ಶುಭ್ರವಾಯಿತು. ಹೊಸ ಪ್ರೋಗ್ರಾಂ ಹಾಕಿ, ಬಿಲ್ಲಿಂಗ್ ಮಷಿನ್ ಚಾಲೂ ಮಾಡಿ, ಕೆಲಸ ಮುಗಿಯಿತೆಂದು ಮನೆಗೆ ಬಂದೆ. ಸರಿಯಾಗಿ ಎಂಟು ದಿನ ತಡೆಯಿತು. ಒಂಬತ್ತನೆಯ ಬೆಳಿಗ್ಗೆ ಅದೇ ಫೋನ್.

ಈ ಬಾರಿ ಏನನ್ನೂ ಮರುಚಾಲನೆ ಮಾಡಬೇಡಿ ಎಂದು ಹೇಳಿ ಹೋಗಿ ಕುಳಿತೆ. ಮೆಮೊರಿ ಬಳಕೆಯ ಪಟ್ಟಿಯಲ್ಲಿ ನನ್ನ ಡೀಮನ್ ಬರೀ 14 ಮೆಗಾಬೈಟ್ ಹಿಡಿದಿತ್ತು. ಹೀಗೆ ಸಾಧುವಾಗಿ ಕಾಣುತ್ತಿದ್ದುದರಿಂದಲೇ ಮೊದಲ ಸುತ್ತಿನಲ್ಲಿ ನಾನು ಅದರ ಸುತ್ತಮುತ್ತ ಕಣ್ಣು ಹಾಯಿಸಿರಲಿಲ್ಲ. ಈಗ, ಓಡುತ್ತಿರುವ ಪ್ರೋಸೆಸ್‌ಗಳನ್ನು ಪಟ್ಟಿ ಮಾಡುವ ಪಿಎಸ್ ಕಮಾಂಡ್‌ಗೆ ಪ್ರೋಸೆಸ್ ಸಂಖ್ಯೆ, ತಾಯಿ ಪ್ರೋಸೆಸ್‌ನ ಸಂಖ್ಯೆ, ಹಿಡಿದ ಮೆಮೊರಿ, ಹುಟ್ಟಿ ಎಷ್ಟು ಹೊತ್ತಾಯಿತು ಎಂಬ ನಾಲ್ಕು ಕಾಲಂ ಕೇಳಿ, ಕ್ಯೂಎಮು ಇರುವ ಸಾಲುಗಳನ್ನಷ್ಟೇ ಆರಿಸಿದೆ. ಕಾಯಂ ಮಷಿನ್‌ಗಳ ಸಾಲುಗಳ ಕೆಳಗೆ ಇನ್ನೂ 19 ಸಾಲುಗಳಿದ್ದವು. ಹತ್ತೊಂಬತ್ತಕ್ಕೂ ತಾಯಿ ಒಂದೇ, ನನ್ನ ಡೀಮನ್. ಒಂದೊಂದೂ 300 ಮೆಗಾಬೈಟಿನ ಆಸುಪಾಸು. ಗುಣಿಸಿದರೆ ಕಳೆದುಹೋದ ಆರು ಗಿಗಾಬೈಟ್‌ಗೆ ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ವಯಸ್ಸಿನ ಕಾಲಂ ಇನ್ನೂ ಸ್ಪಷ್ಟವಾಗಿ ಮಾತನಾಡುತ್ತಿತ್ತು: ಏಳು ದಿನದ ಹಿಂದೆ ಹುಟ್ಟಿದವು ಮೂರು, ಆರು ದಿನದ ಹಿಂದಿನವು ಎರಡು, ಐದು ದಿನದ ಹಿಂದಿನವು ಮೂರು, ಹೀಗೆ, ಎಲ್ಲವೂ ರಾತ್ರಿ ಒಂದೂವರೆ ಎರಡರ ನಡುವೆ, ಅಂದರೆ ಶಾಖೆಗಳ ಇಮೇಜ್ ಬಂದು ತಲುಪುವ ಹೊತ್ತಿನಲ್ಲಿ ಎದ್ದಂಥವು. ಪರೀಕ್ಷೆ ಮುಗಿದು ದಿನಗಟ್ಟಲೆ ಕಳೆದಿದ್ದರೂ ಆ ಪುಟ್ಟ ಮಷಿನ್‌ಗಳು ಯಾವ ಕೆಲಸವೂ ಇಲ್ಲದೆ, ಪ್ರೊಸೆಸರ್ ಅನ್ನು ಮುಟ್ಟದೆ, ಮುಂದಿನ ಆಜ್ಞೆಗೆ ಕಾಯುತ್ತ ಕುಳಿತಿದ್ದವು.

ನಾನು ಮಷಿನ್ ಒಂದಕ್ಕೆ 1024 ಮೆಗಾಬೈಟ್ ಎಂದು ನಿಗದಿ ಮಾಡಿದ್ದರೂ ಅವು 300 ಮಾತ್ರ ಹಿಡಿದದ್ದಕ್ಕೆ ಕಾರಣ ಸರಳ. ಕ್ಯೂಎಮು ಅತಿಥಿ ಮಷಿನ್‌ನ ಮೆಮೊರಿಯನ್ನು ಆರಂಭದಲ್ಲಿ ವಿಳಾಸವಾಗಿ ಮಾತ್ರ ಕಾಯ್ದಿರಿಸುತ್ತದೆ. ಒಳಗಿನ ಕರ್ನೆಲ್ ಒಂದು ಪುಟವನ್ನು ಮುಟ್ಟಿದಾಗಲೇ ಹೋಸ್ಟ್ ನಿಜವಾದ ಪುಟವನ್ನು ಕೊಡುತ್ತದೆ. ಒಮ್ಮೆ ಕೊಟ್ಟದ್ದನ್ನು, ಅದಕ್ಕೆಂದೇ ಬಲೂನ್‌ನಂಥ ಏರ್ಪಾಡು ಇಲ್ಲದಿದ್ದರೆ, ಮಷಿನ್ ಬದುಕಿರುವವರೆಗೆ ಹಿಂದಕ್ಕೆ ಪಡೆಯಲಾಗುವುದಿಲ್ಲ. ದೊಡ್ಡ ಫೈಲನ್ನು ಓದಿ ಚೆಕ್‌ಸಮ್ ಮಾಡಿದ ಮಷಿನ್ ಆಗಿದ್ದರೆ, ಒಳಗಿನ ಪೇಜ್ ಕ್ಯಾಶ್ (ಓದಿದ ಫೈಲನ್ನು ಇಟ್ಟುಕೊಳ್ಳುವ ಮೆಮೊರಿ) ತುಂಬಿ, ಬಳಕೆ 1024ರ ಹತ್ತಿರಕ್ಕೆ ಏರಿರಬೇಕಿತ್ತು. ಏರಿರಲಿಲ್ಲ. ಅಂದರೆ ಈ 19 ಮಷಿನ್‌ಗಳು ಎದ್ದದ್ದೇನೋ ನಿಜ, ಆದರೆ ಯಾವ ಫೈಲನ್ನೂ ಓದಿರಲಿಲ್ಲ. ಪರೀಕ್ಷೆ ಆರಂಭದಲ್ಲೇ ಎಲ್ಲೋ ಕೈಬಿಟ್ಟು ಹೋಗಿತ್ತು. ಕೋಡ್ ತೆರೆಯುವ ಮೊದಲೇ ಈ ಒಂದು ಸಂಖ್ಯೆ ಹುಡುಕಬೇಕಾದ ಜಾಗವನ್ನು ಹತ್ತು ಸಾಲಿಗೆ ಇಳಿಸಿತು.

ಆ ಹತ್ತು ಸಾಲಿನಲ್ಲಿ ಇದ್ದದ್ದು ಇಷ್ಟು. ಲಾಂಚ್ ಆದ ಮೇಲೆ ಇನ್ಸ್‌ಪೆಕ್ಟ್-ಓಎಸ್ ಎಂಬ ಫಂಕ್ಷನ್ ಅನ್ನು ಕರೆದರೆ, ಅದು ಇಮೇಜಿನಲ್ಲಿ ಕಂಡ ಆಪರೇಟಿಂಗ್ ಸಿಸ್ಟಂಗಳ ಮೂಲ ಫೈಲ್‌ಸಿಸ್ಟಂಗಳ ಪಟ್ಟಿಯನ್ನು ಕೊಡುತ್ತದೆ. ಫಂಕ್ಷನ್ ಸೋತರೆ ಸಿಗುವುದು ನಲ್. ಆದರೆ ಸೋಲದೆ, ಹುಡುಕಿಯೂ ಏನೂ ಸಿಗದಿದ್ದರೆ, ಸಿಗುವುದು ಖಾಲಿ ಪಟ್ಟಿ. ಮೊದಲನೆಯದನ್ನು ನಾನು ಸರಿಯಾಗಿ ನಿಭಾಯಿಸಿದ್ದೆ: ನಲ್ ಬಂದರೆ ಫಂಕ್ಷನ್‌ನ ಕೊನೆಯಲ್ಲಿರುವ ಗುರುತಿಗೆ ಹಾರಿ, ಹ್ಯಾಂಡಲ್ ಮುಚ್ಚಿ, ದೋಷ ಬರೆಯುವುದು. ಎರಡನೆಯದಕ್ಕೆ, ಬಹುಶಃ ಯಾವುದೋ ಸಂಜೆಯ ಅವಸರದಲ್ಲಿ, "ಪಟ್ಟಿಯ ಮೊದಲ ಅಂಶವೇ ನಲ್ ಆದರೆ ಸೊನ್ನೆ ಹಿಂದಿರುಗಿಸು" ಎಂಬ ಒಂದೇ ಸಾಲು ಬರೆದಿದ್ದೆ. ಆ ಸಾಲಿನಲ್ಲಿ ಹ್ಯಾಂಡಲ್ ಮುಚ್ಚುವ ಮಾತಿರಲಿಲ್ಲ. ಹ್ಯಾಂಡಲ್ ಇದ್ದ ಚರಾಂಶ ಫಂಕ್ಷನ್ ಜೊತೆಗೇ ಮರೆಯಾಯಿತು, ಎಂಟು ಬೈಟಿನ ಪಾಯಿಂಟರ್ ಕಳೆಯಿತು, ಅದರ ಹಿಂದಿದ್ದ ಮಷಿನ್ ಉಳಿಯಿತು.

ಖಾಲಿ ಪಟ್ಟಿ ಮಳೆಗಾಲದಲ್ಲೇ ಏಕೆ ಬರುತ್ತಿತ್ತು ಎಂಬುದಕ್ಕೆ ಉತ್ತರ ಶಾಖೆಗಳ ಕರೆಂಟಿನಲ್ಲಿತ್ತು. ಅಷ್ಟರ ಮಟ್ಟಿಗೆ ಮೊದಲ ದಿನದ ಅನುಮಾನ ಪೂರ್ತಿ ಸುಳ್ಳಲ್ಲ. ಇಮೇಜ್ ಕಳುಹಿಸುವಾಗ ಶಾಖೆಯ ಕರೆಂಟು ಹೋಗಿ, ಬ್ಯಾಟರಿಯೂ ಇಳಿದರೆ, ಶಿರಸಿಯ ಕಡೆ ಅರ್ಧ ಫೈಲ್ ಉಳಿಯುತ್ತದೆ. ಅದು ಕಚ್ಚಾ ಇಮೇಜ್ ಆದ್ದರಿಂದ ಆರಂಭದ ಪಾರ್ಟಿಶನ್ ಪಟ್ಟಿ ಸರಿಯಾಗಿಯೇ ಇರುತ್ತದೆ, ಆದರೆ ಪಾರ್ಟಿಶನ್‌ನ ಬಾಲ ಡಿಸ್ಕಿನ ಅಂಚನ್ನು ಮೀರಿರುತ್ತದೆ. ಫೈಲ್‌ಸಿಸ್ಟಂ ತಾನು ಇಷ್ಟು ಬ್ಲಾಕ್ ಎನ್ನುತ್ತದೆ, ಡಿಸ್ಕ್ ಅಷ್ಟಿಲ್ಲ, ಎಕ್ಸ್ಟ್4 ಬಗೆಯ ಆ ಫೈಲ್‌ಸಿಸ್ಟಂ ಮೌಂಟ್ ಆಗಲು ನಿರಾಕರಿಸುತ್ತದೆ. ಇನ್ಸ್‌ಪೆಕ್ಟ್-ಓಎಸ್ ಮೌಂಟ್ ಆಗದ ಫೈಲ್‌ಸಿಸ್ಟಂ ಅನ್ನು ಸುಮ್ಮನೆ ದಾಟಿ ಮುಂದಿನದನ್ನು ನೋಡುತ್ತದೆ, ಮುಂದಿನದು ಇಲ್ಲದಿದ್ದರೆ ಖಾಲಿ ಪಟ್ಟಿ ಕೊಡುತ್ತದೆ. ಬೇಸಿಗೆಯಲ್ಲಿ ಈ ಸಂದರ್ಭ ತಿಂಗಳಿಗೊಮ್ಮೆ ಬಂದಿದ್ದರೂ ಒಂದೆರಡು ಮಷಿನ್ ಉಳಿದು ಯಾರ ಗಮನಕ್ಕೂ ಬಾರದೆ ಹೋಗಿರುತ್ತಿತ್ತು.

ವಾಲ್‌ಗ್ರೈಂಡ್ ಏಕೆ ಸುಮ್ಮನಿತ್ತು? ತುಂಡಾದ ಇಮೇಜನ್ನು ಪರೀಕ್ಷೆಗೆ ಕೊಟ್ಟಿದ್ದೆನಲ್ಲ! ಇದಕ್ಕೆ ಉತ್ತರ ಹುಡುಕಲು ನನಗೆ ಒಂದು ಪೂರ್ತಿ ಮಧ್ಯಾಹ್ನ ಬೇಕಾಯಿತು. ಲೈಬ್ರರಿ ತಾನು ಕೊಟ್ಟ ಹ್ಯಾಂಡಲ್‌ಗಳನ್ನೆಲ್ಲ ಒಳಗೆ ಒಂದು ಸರಪಳಿಯಲ್ಲಿ ಪೋಣಿಸಿಟ್ಟುಕೊಂಡಿರುತ್ತದೆ, ಮತ್ತು ಪ್ರೋಗ್ರಾಂ ಸಹಜವಾಗಿ ಮುಗಿಯುವಾಗ ಅಟ್‌ಎಕ್ಸಿಟ್ (ಮುಗಿಯುವಾಗ ತಾನಾಗಿ ನಡೆಯುವ ಕೆಲಸಗಳ ನೋಂದಣಿ) ಮೂಲಕ ಉಳಿದವನ್ನೆಲ್ಲ ತಾನೇ ಮುಚ್ಚುತ್ತದೆ. ನನ್ನ ಪರೀಕ್ಷೆಯಲ್ಲಿ ಪ್ರೋಗ್ರಾಂ ಒಂದು ಸುತ್ತು ಮುಗಿಸಿ ಹೊರಬೀಳುತ್ತಿತ್ತು. ಆ ಗಳಿಗೆಯಲ್ಲಿ ಬಿಟ್ಟುಹೋದ ಹ್ಯಾಂಡಲ್ ಮುಚ್ಚಿಕೊಂಡು, ಮೆಮೊರಿ ಬಿಡುಗಡೆಯಾಗಿ, ವರದಿಗೆ ಬರೆಯಲು ಏನೂ ಉಳಿಯುತ್ತಿರಲಿಲ್ಲ. ತಿಂಗಳುಗಟ್ಟಲೆ ಹೊರಬೀಳದ ಡೀಮನ್‌ನಲ್ಲಿ ಆ ಗಳಿಗೆ ಬರುವುದೇ ಇಲ್ಲ. ಹ್ಯಾಂಡಲ್ ಮುಚ್ಚಿಕೊಳ್ಳದೆ ಇದ್ದಿದ್ದರೂ, ಸರಪಳಿಯಿಂದ ಅದನ್ನು ಇನ್ನೂ ತಲುಪಬಹುದಾದ್ದರಿಂದ, ಅದು ಖಚಿತವಾಗಿ ಕಳೆದುಹೋದದ್ದರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಇನ್ನು ಆ 300 ಮೆಗಾಬೈಟ್ ಅಂತೂ ಬೇರೊಂದು ಪ್ರೋಸೆಸ್‌ನದು. ಒಂದು ಪ್ರೋಸೆಸ್‌ನ ಹೀಪ್ (ಓಡುವಾಗ ಕೇಳಿ ಪಡೆದ ಮೆಮೊರಿ) ನೋಡುವ ಸಾಧನಕ್ಕೆ ಅದು ಕಾಣುವ ಮಾತೇ ಇಲ್ಲ. ಪ್ರಶ್ನೆಯನ್ನು ನಾನು ಬೈಟ್‌ಗಳ ಭಾಷೆಯಲ್ಲಿ ಕೇಳುತ್ತಿದ್ದೆ, ಉತ್ತರ ಪ್ರೋಸೆಸ್‌ಗಳ ಪಟ್ಟಿಯಲ್ಲಿತ್ತು.

ಲೈಬ್ರರಿಯ ರಕ್ಷಣಾ ವ್ಯವಸ್ಥೆಯನ್ನು ದೂರುವಂತೆಯೂ ಇರಲಿಲ್ಲ. ಡೈರೆಕ್ಟ್ ಬ್ಯಾಕೆಂಡ್ ಪ್ರತಿ ಮಷಿನ್ ಜೊತೆಗೆ ರಿಕವರಿ ಪ್ರೋಸೆಸ್ ಎಂಬ ಒಂದು ಕಾವಲುಗಾರನನ್ನೂ ಹುಟ್ಟಿಸುತ್ತದೆ. ಎರಡೆರಡು ಸೆಕೆಂಡಿಗೆ ಒಮ್ಮೆ ಅದು ಎರಡು ವಿಷಯ ನೋಡುತ್ತದೆ: ಕ್ಯೂಎಮು ಇದೆಯೇ, ಮುಖ್ಯ ಪ್ರೋಗ್ರಾಂ ಇದೆಯೇ. ಮುಖ್ಯ ಪ್ರೋಗ್ರಾಂ ಸತ್ತು ಕ್ಯೂಎಮು ಉಳಿದಿದ್ದರೆ ಅದನ್ನು ಕೊಂದು ತಾನೂ ಹೊರಡುತ್ತದೆ. ಡೀಮನ್ ಅನ್ನು ಏಕಾಏಕಿ ಕೊಂದು ನೋಡಿದೆ; ಹತ್ತೊಂಬತ್ತೂ ಮಷಿನ್‌ಗಳು ಎರಡು ಮೂರು ಸೆಕೆಂಡಿನೊಳಗೆ ಇಲ್ಲವಾದವು. ಆದರೆ ಹೆತ್ತವಳು ಬದುಕಿದ್ದು ಮಗುವನ್ನು ಮರೆತರೆ ಆ ಕಾವಲುಗಾರ ಮಾಡುವುದೇನೂ ಇಲ್ಲ, ಮಾಡಲೂ ಬಾರದು. ಸುಮ್ಮನಿರುವ ಹ್ಯಾಂಡಲ್ ಮತ್ತು ಮರೆತ ಹ್ಯಾಂಡಲ್‌ಗಳ ನಡುವಿನ ವ್ಯತ್ಯಾಸ ಅದಕ್ಕೆ ತಿಳಿಯುವ ದಾರಿಯಿಲ್ಲ.

ಒಂದು ಸಾಲು ತಿದ್ದಿ ಮುಗಿಸಬಹುದಿತ್ತು. ಅದನ್ನು ಅಂದೇ ತಿದ್ದಿದೆ: ಜಿಸಿಸಿ ಎಂಬ ಸಿ ಕಂಪೈಲರ್‌ನ ಕ್ಲೀನಪ್ ಎಂಬ ಗುಣಲಕ್ಷಣವನ್ನು ಹ್ಯಾಂಡಲ್ ಇರುವ ಚರಾಂಶಕ್ಕೆ ಅಂಟಿಸಿ, ಫಂಕ್ಷನ್‌ನಿಂದ ಯಾವ ಬಾಗಿಲಲ್ಲಿ ಹೊರಬಿದ್ದರೂ ಮುಚ್ಚುವ ಕೆಲಸ ತಾನಾಗಿ ಆಗುವಂತೆ ಮಾಡಿದೆ. ಲಿಬ್‌ಗೆಸ್ಟ್‌ಎಫ್‌ಎಸ್‌ನ ಒಳಗಿನ ಕೋಡ್ ಕೂಡ ತನ್ನ ಸ್ಟ್ರಿಂಗ್‌ಗಳಿಗೆ ಇದೇ ಉಪಾಯ ಬಳಸುತ್ತದೆ. ಆದರೂ ವರ್ಷಗಟ್ಟಲೆ ಓಡುವ ಪ್ರೋಗ್ರಾಂ ಒಂದು, ರಾತ್ರಿಗೆ ಹತ್ತಾರು ಮಷಿನ್‌ಗಳನ್ನು ತನ್ನ ಮಡಿಲಲ್ಲಿಟ್ಟುಕೊಳ್ಳುವ ಮೂಲ ವಿನ್ಯಾಸವೇ ನನಗೆ ಸರಿಬರಲಿಲ್ಲ. ಆದ್ದರಿಂದ ಪ್ರತಿ ಇಮೇಜಿಗೆ ಒಂದು ಚೈಲ್ಡ್ ಪ್ರೋಸೆಸ್ ಹುಟ್ಟಿಸಿ, ಹ್ಯಾಂಡಲ್ ಅದರಲ್ಲೇ ಹುಟ್ಟಿ ಅದರಲ್ಲೇ ಸಾಯುವಂತೆ ಬದಲಿಸಲು ಹೊರಟೆ.

ಈ ಬದಲಾವಣೆಯ ಮೊದಲ ರೂಪದಲ್ಲಿ ಹಳೆಯ ಕೋಡಿನ ಪಳೆಯುಳಿಕೆಯಾಗಿ ತಾಯಿ ಪ್ರೋಸೆಸ್‌ನಲ್ಲಿಯೂ ಒಂದು ಹ್ಯಾಂಡಲ್ ತೆರೆದೇ ಇತ್ತು. ಚೈಲ್ಡ್ ತನ್ನ ಕೆಲಸ ಮುಗಿಸಿ ಎಕ್ಸಿಟ್ ಕರೆದಾಗಲೆಲ್ಲ ತಾಯಿಯ ಮಷಿನ್ ನಡುವೆಯೇ ಸಾಯತೊಡಗಿತು. ಫೋರ್ಕ್ ಮಾಡಿದಾಗ, ಅಂದರೆ ಪ್ರೋಸೆಸ್ ತನ್ನದೇ ನಕಲನ್ನು ಹುಟ್ಟಿಸಿದಾಗ, ಮೆಮೊರಿಯ ಜೊತೆ ಹ್ಯಾಂಡಲ್‌ಗಳ ಸರಪಳಿಯೂ ನಕಲಾಗುತ್ತದೆ, ಅಟ್‌ಎಕ್ಸಿಟ್ ನೋಂದಣಿಯೂ ನಕಲಾಗುತ್ತದೆ. ಚೈಲ್ಡ್ ಸಹಜವಾಗಿ ಹೊರಬೀಳುವಾಗ ತನ್ನದಲ್ಲದ ಹ್ಯಾಂಡಲ್ ಅನ್ನೂ ಮುಚ್ಚಿ, ತಾಯಿಯ ಕ್ಯೂಎಮುಗೆ ಮುಗಿಸುವ ಸಿಗ್ನಲ್ ಕಳುಹಿಸಿಬಿಡುತ್ತದೆ. ಹೆಸರಿನ ಆರಂಭದಲ್ಲಿ ಅಂಡರ್‌ಸ್ಕೋರ್ ಇರುವ ಎಕ್ಸಿಟ್ ಬಳಸಿದರೆ ಅಟ್‌ಎಕ್ಸಿಟ್ ನಡೆಯುವುದಿಲ್ಲ, ಅಥವಾ ಹ್ಯಾಂಡಲ್ ಮಾಡುವಾಗಲೇ ಹೊರಬೀಳುವಾಗ ಮುಚ್ಚಬೇಡವೆಂಬ ಫ್ಲಾಗ್ ಕೊಡಬಹುದು. ನಾನು ತಾಯಿಯಲ್ಲಿ ಹ್ಯಾಂಡಲ್ ಇಡುವುದನ್ನೇ ಬಿಟ್ಟೆ.

ಈಗಿನ ವ್ಯವಸ್ಥೆಯಲ್ಲಿ ತಾಯಿ ಪ್ರೋಸೆಸ್ ಲೈಬ್ರರಿಯನ್ನು ಮುಟ್ಟುವುದೇ ಇಲ್ಲ. ಅದು ಚೈಲ್ಡ್ ಅನ್ನು ಹುಟ್ಟಿಸಿ, ಲಿನಕ್ಸ್ 5.3ರಿಂದ ಲಭ್ಯವಿರುವ ಪಿಐಡಿಎಫ್‌ಡಿ (ಒಂದು ಪ್ರೋಸೆಸ್‌ಗೆ ಹಿಡಿದಿಟ್ಟುಕೊಳ್ಳುವ ಕೊಂಡಿ) ಮೂಲಕ ಅದರ ಅಂತ್ಯವನ್ನು ಕಾಯುತ್ತದೆ. ಕಾಲಾವಧಿ ಮೀರಿದರೆ ಅದನ್ನು ಕೊಲ್ಲುತ್ತದೆ, ಮಷಿನ್‌ನ ಪಾಡನ್ನು ರಿಕವರಿ ಪ್ರೋಸೆಸ್ ನೋಡಿಕೊಳ್ಳುತ್ತದೆ. ಚೈಲ್ಡ್ ಕೊನೆಯಲ್ಲಿ ಕ್ಲೋಸ್ ಮಾಡುವ ಮೊದಲು ಶಟ್‌ಡೌನ್ ಅನ್ನು ಪ್ರತ್ಯೇಕವಾಗಿ ಕರೆದು ಅದರ ಉತ್ತರ ನೋಡುತ್ತದೆ, ಏಕೆಂದರೆ ಕ್ಲೋಸ್ ತಾನೇ ಶಟ್‌ಡೌನ್ ಮಾಡಿದರೂ ಅಲ್ಲಿ ಬಂದ ದೋಷವನ್ನು ಯಾರಿಗೂ ಹೇಳುವುದಿಲ್ಲ. ಕೊಂದ ಚೈಲ್ಡ್ ಬಿಟ್ಟುಹೋಗುವ ತಾತ್ಕಾಲಿಕ ಫೈಲ್‌ಗಳನ್ನು ಅಳಿಸಲು ಪ್ರತಿ ಇಮೇಜಿಗೆ ಬೇರೆ ತಾತ್ಕಾಲಿಕ ಡೈರೆಕ್ಟರಿ ಕೊಟ್ಟಿದ್ದೇನೆ. ಇದನ್ನು ಮೊದಲು ಟಿಎಂಪಿಡಿಐಆರ್ ಎಂಬ ಪರಿಸರ ಚರಾಂಶದಿಂದ ಮಾಡಿದಾಗ ಲೈಬ್ರರಿಯ ಕ್ಯಾಶ್ ಕೂಡ ಅದರ ಹಿಂದೆಯೇ ಹೋಗಿ, ಒಂದೊಂದು ಇಮೇಜಿಗೂ ಆ ಪುಟ್ಟ ಮಷಿನ್ ಅನ್ನು ಹೊಸದಾಗಿ ಕಟ್ಟುತ್ತ ಕೂತಿತ್ತು. ಸೆಟ್-ಟಿಎಂಪಿಡಿಐಆರ್ ಫಂಕ್ಷನ್ ಬಳಸಿದ ಮೇಲೆ ಸರಿಯಾಯಿತು. ಇದೆಲ್ಲದರ ಮೇಲೆ ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಂಡಿಯಲ್ಲಿ ಆ ಡೀಮನ್‌ನ ಸೇವೆಗೆ 3 ಗಿಗಾಬೈಟಿನ ಮೆಮೊರಿ ಮಿತಿ ಹಾಕಿದೆ. ನನ್ನನ್ನು ಕೇಳಿದರೆ ಮೊದಲ ದಿನವೇ ಮಾಡಬೇಕಿದ್ದ ಕೆಲಸ ಅದೊಂದೇ: ಚೈಲ್ಡ್ ಪ್ರೋಸೆಸ್‌ಗಳೂ ಅದೇ ಸಿಗ್ರೂಪ್‌ಗೆ (ಒಟ್ಟಾಗಿ ಮಿತಿ ಹಾಕುವ ಪ್ರೋಸೆಸ್‌ಗಳ ಗುಂಪಿಗೆ) ಸೇರುವುದರಿಂದ, ಮಿತಿ ಮೀರಿದಾಗ ಸಾಯುವುದು ಆ ಗುಂಪಿನೊಳಗಿನ ಮಷಿನ್, ಬಿಲ್ಲಿಂಗ್‌ನದಲ್ಲ.

ಇಷ್ಟಾದ ಮೇಲೆ ಇನ್ನೊಂದು ಸಂಗತಿ ಉಳಿದಿತ್ತು, ಮತ್ತು ಮೆಮೊರಿಗಿಂತ ಅದೇ ದೊಡ್ಡದು. ಆ ಕೆಟ್ಟ ಸಾಲು ಹಿಂದಿರುಗಿಸುತ್ತಿದ್ದುದು ಸೊನ್ನೆ. ನನ್ನ ಪ್ರೋಗ್ರಾಂನಲ್ಲಿ ಸೊನ್ನೆ ಎಂದರೆ ಪರೀಕ್ಷೆ ಸರಿಯಾಗಿದೆ ಎಂದು. ಮಳೆ ಹಿಡಿದಂದಿನಿಂದ ಅರ್ಧ ಬಂದ ಪ್ರತಿಯೊಂದು ಇಮೇಜಿಗೂ ಬೆಳಗಿನ ವರದಿ "ಸರಿ" ಎಂದೇ ಬರೆಯುತ್ತ ಬಂದಿತ್ತು. ಹಳೆಯ ಇಮೇಜ್‌ಗಳನ್ನು ಒಂದೊಂದಾಗಿ ತೆರೆದು ನೋಡಿದಾಗ, ಒಂದು ಶಾಖೆಯದು ಹನ್ನೊಂದು ದಿನಗಳಿಂದ ಪೂರ್ತಿ ಬಂದೇ ಇರಲಿಲ್ಲ. ಲೆಕ್ಕಿಗರ ಎದುರು ಕುಳಿತು ಇದನ್ನು ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, "ಅಂದ್ರೆ ಆ ಹನ್ನೊಂದು ದಿನ ಅಲ್ಲಿ ಡಿಸ್ಕ್ ಹೋಗಿದ್ರೆ?" ಎಂದು ಕೇಳಿದರು. ಹೋಗಿರಲಿಲ್ಲ. ಆ ಮಧ್ಯಾಹ್ನವೇ ಶಾಖೆಗಳ ಕಡೆಯ ಕಳುಹಿಸುವ ಸ್ಕ್ರಿಪ್ಟ್ ಬದಲಿಸಿ, ಇಮೇಜ್ ಪೂರ್ತಿ ತಲುಪಿ ಅದರ ಗಾತ್ರ ಹೊಂದಿದ ಮೇಲಷ್ಟೇ ನಿಜವಾದ ಹೆಸರು ಪಡೆಯುವಂತೆ ಮಾಡಿದೆ. ಮರುದಿನದ ವರದಿಯಲ್ಲಿ ಎರಡು ಶಾಖೆಗಳ ಎದುರು "ಅಪೂರ್ಣ" ಎಂದು ಬಂದಿತ್ತು; ಲೆಕ್ಕಿಗರು ಅದನ್ನು ಮುದ್ರಿಸಿ, ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಆ ಶಾಖೆಗಳಿಗೆ ತಾವೇ ಫೋನ್ ಹಚ್ಚಿದರು.